ಅಜ್ಜಿಗೆ ಹೇಳದ ಸುದ್ದಿ

ಸುದ್ದಿ ಬಂದಾಗ ಮನೆಯವರೆಲ್ಲ ತಿಂಡಿಗೆ ಕೂತಿದ್ದರು. ಅಜ್ಜಿಯೂ ಇದ್ದಳು. ಆದರೆ ಅಜ್ಜಿಗೆ ಮಾತ್ರ ಯಾರೂ ಹೇಳಲಿಲ್ಲ.

ಫೋನು ಮಾಡಿದವರು ಕೋಚ್. ಮಗಳು ಬಾಯಲ್ಲಿದ್ದ ತುತ್ತು ನುಂಗದೆ ಕೇಳಿಸಿಕೊಂಡಳು. "ಬೇರೆ ಯಾರದ್ದೋ ಇರಬೇಕು ಸರ್, ಇನ್ನೊಂದ್ಸಲ ವಿಚಾರಿಸಿ" ಎಂದಳು. ಆಮೇಲೆ ಫೋನನ್ನು ತಟ್ಟೆಯ ಪಕ್ಕ ಬೋರಲು ಇಟ್ಟು ಹಿತ್ತಲಿಗೆ ಹೋದಳು. ಅವಳ ಹಿಂದೆ ಅಪ್ಪ, ಅಪ್ಪನ ಹಿಂದೆ ಅಮ್ಮ, ಕೊನೆಗೆ ಅಣ್ಣ. ನಾಲ್ವರೂ ಬಟ್ಟೆ ಒಗೆಯುವ ಕಲ್ಲಿನ ಸುತ್ತ ನಿಂತರು.

"ಫೈನಲ್ ಆದ ಮೇಲೆ ಮೂತ್ರ ತಗೊಂಡಿದ್ರಲ್ಲ, ಅದರಲ್ಲಿ ಔಷಧಿ ಸಿಕ್ಕಿದೆಯಂತೆ."

"ಎಂಥ ಔಷಧಿ?" ಎಂದ ಅಪ್ಪ.

"ಉದ್ದ ಹೆಸರು. ಬೇರೆ ಔಷಧಿ ತಗೊಂಡಿದ್ರೆ ಅದನ್ನ ಮುಚ್ಚಿಡೋಕೆ ತಗೊಳ್ಳೋದಂತೆ. ವಿಚಾರಣೆ ಮುಗಿಯೋ ತನಕ ಆಡೋ ಹಾಗಿಲ್ಲ. ಕ್ಲಬ್ಬಿಗೂ ಹೋಗೋ ಹಾಗಿಲ್ಲ."

ಅಮ್ಮ ಕಲ್ಲಿನ ಮೇಲೆ ಕೂತುಬಿಟ್ಟಳು. ಕಲ್ಲು ಒದ್ದೆಯಾಗಿತ್ತು. ಅದು ಅವಳ ಅರಿವಿಗೆ ಬರಲಿಲ್ಲ.

"ಮುಚ್ಚಿಡೋದು ಅಂದ್ರೆ, ಮುಚ್ಚಿಡೋ ಅಂಥದ್ದು ಒಳಗೆ ಏನಿದೆ?" ಎಂದು ಅಣ್ಣ ಕೇಳಿದ.

"ನೀನು ಮೊದಲು ಬಾಯಿ ಮುಚ್ಚು" ಎಂದ ಅಪ್ಪ.

ಒಳಗಿನಿಂದ ಅಜ್ಜಿಯ ದನಿ ಬಂತು. "ಏನ್ರೋ ಅದು, ತಿಂಡಿ ಬಿಟ್ಟು ಎಲ್ಲರೂ ಹಿತ್ತಲಲ್ಲಿ ನಿಧಿ ಅಗೀತಿದೀರಾ?"

ಅಪ್ಪ ದನಿ ತಗ್ಗಿಸಿದ. "ನಮ್ಮಮ್ಮನಿಗೆ ಯಾರೂ ಹೇಳಕೂಡದು. ಆ ಹಾರ್ಟು ಇದನ್ನ ತಡೆಯಲ್ಲ." ಆಮೇಲೆ ಬಾಗಿಲ ಕಡೆ ತಿರುಗಿ, "ಏನಿಲ್ಲಮ್ಮ, ನಲ್ಲಿ ಸೋರ್ತಿದೆ" ಎಂದು ಕೂಗಿದ.

ಈ ಮನೆಗೆ ಸ್ಕ್ವಾಷ್ ಆಟ ಬಂದದ್ದು ಲಿಫ್ಟಿನ ದೆಸೆಯಿಂದ. ಅಪ್ಪ ಲಿಫ್ಟ್ ಮೆಕ್ಯಾನಿಕ್. ದೊಡ್ಡವರ ಕ್ಲಬ್ಬೊಂದರ ಲಿಫ್ಟು ಪದೇ ಪದೇ ಕೆಡುತ್ತಿತ್ತು, ಅವನು ರಿಪೇರಿ ಮಾಡುವಾಗ ಜೊತೆಗೆ ಬಂದ ಮಗಳು ಅಂಕಣದ ಗಾಜಿಗೆ ಮೂಗು ಒತ್ತಿ ನಿಂತಿರುತ್ತಿದ್ದಳು. ಒಂದು ದಿನ ಅಲ್ಲಿನ ಕೋಚ್ ಅವಳ ಕೈಗೆ ಹಳೆಯ ರ‍್ಯಾಕೆಟ್ ಕೊಟ್ಟರು. ಅವಳು ನೆಗೆಯುವುದನ್ನು ನೋಡಿ ಅಜ್ಜಿ ಇಟ್ಟ ಹೆಸರು ಮಿಡತೆ. ದೇಶದ ಚಾಂಪಿಯನ್ ಆದ ಮೇಲೂ ಮನೆಯಲ್ಲಿ ಅವಳು ಮಿಡತೆಯೇ. "ಬಾಗಿಲು ಹಾಕ್ಕೊಂಡು ಇಬ್ಬರು ಗೋಡೆಗೆ ಹೊಡೆಯೋ ಆಟ. ಗೋಡೆ ಏನು ತಪ್ಪು ಮಾಡಿತ್ತೋ" ಎಂಬುದು ಆ ಆಟದ ಬಗ್ಗೆ ಅಜ್ಜಿಯ ವಿವರಣೆ.

ಮಿಡತೆ ಗೆಲ್ಲತೊಡಗಿದ ಮೇಲೆ ಮನೆಯ ವ್ಯವಸ್ಥೆ ಬದಲಾಯಿತು. ಆಹಾರತಜ್ಞೆ ಕೊಟ್ಟ ಪಟ್ಟಿ ಫ್ರಿಜ್ಜಿನ ಮೇಲೆ ಅಂಟಿತು. ಅದರ ಪ್ರಕಾರ ತೂಗಿ, ಅಳೆದು ಬೇಯಿಸುವವಳು ಅಮ್ಮ. ಅವಳು ಹೊಲಿಗೆಯವಳು, ಮುಂಗೋಣೆಯ ಮಿಷನ್ನಿನಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ, ಅಳತೆ ಅವಳಿಗೆ ಕೈಗೆ ಹತ್ತಿದ ಕೆಲಸ. ಅಣ್ಣ ತನ್ನ ಕೋಣೆಯನ್ನು ತಂಗಿಯ ವ್ಯಾಯಾಮಕ್ಕೆ ಬಿಟ್ಟುಕೊಟ್ಟು ನಡುಮನೆಯಲ್ಲಿ ಮಲಗುತ್ತಿದ್ದ. ಪಾರ್ಸೆಲ್ ವ್ಯಾನು ಓಡಿಸುವವನು, ಯಾವಾಗ ಬರುತ್ತಾನೆ ಯಾವಾಗ ಹೋಗುತ್ತಾನೆ ಎಂದು ಯಾರೂ ಅಷ್ಟಾಗಿ ಕೇಳುತ್ತಿರಲಿಲ್ಲ. ಅಡುಗೆಮನೆಯನ್ನು ಒಂದು ಕಾಲಕ್ಕೆ ಆಳಿದ್ದ ಅಜ್ಜಿಗೆ ಉಳಿದದ್ದು ಎರಡೇ ಕೆಲಸ: ಸಂಜೆ ಮೊಮ್ಮಗಳ ಕಾಲು ತಿಕ್ಕುವುದು, ಅಮ್ಮ ಅಳೆದು ಕಾಯಿಸಿಟ್ಟ ಹಾಲಿನ ಲೋಟವನ್ನು ಅವಳ ಕೈಗೆ ಕೊಡುವುದು. ಆ ಹೊತ್ತಿಗೆ ಅಮ್ಮನ ಮುಂದೆ ಅಳತೆ ಕೊಡುವ ಮಕ್ಕಳ ಸಾಲು ಇರುತ್ತಿತ್ತು.

ಸುದ್ದಿ ಬಂದ ದಿನದಿಂದ ಪೇಪರು ಹಾಕುವವನಿಗೆ ಬೇಡವೆಂದರು. ಟೀವಿಯ ತಂತಿಯನ್ನು ಅಪ್ಪನೇ ಕಿತ್ತು, ಕೆಟ್ಟಿದೆ ಎಂದ.

"ಲಿಫ್ಟ್ ರಿಪೇರಿ ಮಾಡೋನಿಗೆ ಟೀವಿ ಬರಲ್ವಾ?" ಎಂದಳು ಅಜ್ಜಿ.

"ಅದು ಬೇರೆ, ಇದು ಬೇರೆ ಅಮ್ಮ."

"ಮಿಡತೆ ಯಾಕೆ ಮನೇಲಿದಾಳೆ?"

"ರಜೆ. ಗೆದ್ದಿದಾಳಲ್ಲ, ವಿಶ್ರಾಂತಿ."

ಅಜ್ಜಿ ಮೊಮ್ಮಗಳ ಕಾಲಿನ ಕಡೆ ಒಮ್ಮೆ ನೋಡಿ ಸುಮ್ಮನಾದಳು. ಅವಳು ಅಷ್ಟು ಬೇಗ ಸುಮ್ಮನಾದದ್ದೇ ಅಪ್ಪನಿಗೆ ಸಮಾಧಾನವಾಯಿತು.

ಕೋಚ್ ಒಂದು ಮಧ್ಯಾಹ್ನ ಬಂದರು. ಅಜ್ಜಿ ಮಲಗಿದ್ದ ಹೊತ್ತು ನೋಡಿಕೊಂಡು ಅವರನ್ನು ಮುಂಗೋಣೆಯಲ್ಲಿ, ಬಟ್ಟೆಯ ರಾಶಿಯ ನಡುವೆ ಕೂರಿಸಿದರು. ಯಾವ ಯಾವ ಪುಡಿ, ಯಾವ ಯಾವ ಮುಲಾಮು ಎಂದು ಅವರು ವಿಚಾರಿಸಿದರು. ಡಬ್ಬಗಳನ್ನೆಲ್ಲ ಅಮ್ಮ ತಂದು ಸಾಲಾಗಿ ಇಟ್ಟಳು.

"ಮನೇಲಿ ಬೇರೆ ಯಾರಾದ್ರೂ ಮಾತ್ರೆ ತಗೋತಾರಾ? ಬಿ.ಪಿ., ಹಾರ್ಟು, ಆ ಥರದ್ದು?"

"ನಮ್ಮತ್ತೆ ತಗೋತಾರೆ ಸರ್. ಆದ್ರೆ ಅವರ ಡಬ್ಬಿ ಅವರ ದಿಂಬಿನ ಹತ್ರನೇ ಇರುತ್ತೆ. ಅಡುಗೆಗೆ ಅವರು ಕೈ ಹಾಕಲ್ಲ."

"ಅವರನ್ನೊಂದು ಮಾತು ಕೇಳಿ."

ಅಮ್ಮ ಅಪ್ಪನ ಮುಖ ನೋಡಿದಳು. "ಕೇಳೋ ಹಾಗಿಲ್ಲ ಸರ್" ಎಂದ ಅಪ್ಪ. "ಕೇಳಬೇಕಾದ್ರೆ ವಿಷಯ ಹೇಳಬೇಕು. ಹೇಳಿದ್ರೆ ಅವರು ಉಳಿಯಲ್ಲ."

ಅಮ್ಮ ಆದರೂ ಮನಸ್ಸು ತಡೆಯದೆ ಅಜ್ಜಿಯ ಮಾತ್ರೆಯ ಹಾಳೆಯನ್ನು ಗುಟ್ಟಾಗಿ ತೆಗೆದು ನೋಡಿದಳು. ದಿನಕ್ಕೆ ಒಂದರಂತೆ ಎಷ್ಟು ಖಾಲಿಯಾಗಬೇಕೋ ಅಷ್ಟೇ ಆಗಿತ್ತು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅತ್ತೆಯ ಮೇಲೆ ಸಂಶಯಪಟ್ಟೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಅವತ್ತು ಸಂಜೆ ಅತ್ತೆಗೆ ಇಷ್ಟವಾದ ಬೆಲ್ಲದ ಪಾಯಸ ಮಾಡಿದಳು.

"ಏನಮ್ಮ ಇವತ್ತು, ಯಾರ ಮದುವೆ?" ಎಂದಳು ಅಜ್ಜಿ.

"ಸುಮ್ನೆ ಅತ್ತೆ. ತಿನ್ನಿ."

ಪುಡಿಗಳೆಲ್ಲ ಕಸದ ಬುಟ್ಟಿಗೆ ಹೋದವು. ಅಣ್ಣ ಹೇಳಿದ: "ಇವಳು ಬರೀ ಮನೆ ಊಟ ತಿನ್ನಲಿ. ಸ್ವಲ್ಪ ದಿನ ಬಿಟ್ಟು ಹೊರಗೊಂದು ಲ್ಯಾಬಲ್ಲಿ ಟೆಸ್ಟ್ ಮಾಡಿಸೋಣ. ಸ್ವಚ್ಛ ಬಂದ್ರೆ ಪುಡೀದೇ ತಪ್ಪು ಅಂತ ವಕೀಲರು ವಾದಿಸಬಹುದು." ಮನೆಯಲ್ಲಿ ಅವನ ಮಾತೊಂದು ಹೀಗೆ ಚರ್ಚೆಯಿಲ್ಲದೆ ನಡೆದದ್ದು ಅದೇ ಮೊದಲು ಇರಬೇಕು. ಅವನು ಹುರುಪಿನಿಂದ ಓಡಾಡಿದ. ಬಚ್ಚಲಿನ ಮುಂದೆ ಕಾಯುವಾಗ ಮಾತ್ರ ಎಂದಿನಂತೆ ಗೊಣಗಿದ: "ಆಟ ಇಲ್ಲ, ಬೆವರಿಲ್ಲ, ಆದ್ರೂ ಗಂಟೆಗೊಂದ್ಸಲ ಇವಳದ್ದೇ ಸವಾರಿ. ಈ ಬಚ್ಚಲನ್ನ ಇವಳ ಹೆಸರಿಗೇ ಬರೆದುಬಿಡಿ."

ಲ್ಯಾಬಿನ ಫಲಿತಾಂಶವನ್ನು ಅವನೇ ತಂದ. ಎಲ್ಲರೂ ಊಟಕ್ಕೆ ಕೂತಿದ್ದರು. ಅಜ್ಜಿ ಬೇಗ ಉಂಡು ಒಳಗೆ ಹೋಗಿದ್ದಳು. ಅವನು ಚಪ್ಪಲಿ ಬಿಡದೆ ನಡುಮನೆಗೆ ಬಂದು ನಿಂತ.

"ಇನ್ನೂ ಇದೆ. ಮೊದಲಿಗಿಂತ ಜಾಸ್ತಿ ಇದೆ."

ಅಮ್ಮನ ಕೈಯಲ್ಲಿದ್ದ ಸೌಟಿನಿಂದ ಸಾರು ಅಪ್ಪನ ತಟ್ಟೆಯ ಹೊರಗೆ ಸುರಿಯಿತು.

"ಪುಡಿ ಬಿಟ್ಟಾಯ್ತು, ಕ್ಲಬ್ಬು ಬಿಟ್ಟಾಯ್ತು. ಇನ್ನು ಮನೇಲಿರೋದು ನಾವೇ" ಎಂದ ಅಣ್ಣ. "ನಾನಂತೂ ಹಾಕಿಲ್ಲ."

"ನಾನು ಹಾಕ್ತೀನಾ?" ಎಂದಳು ಅಮ್ಮ. "ಉಪ್ಪು ಕೂಡ ತೂಗಿ ಹಾಕೋಳು ನಾನು."

ಅಪ್ಪ ಮಗಳ ಕಡೆ ತಿರುಗಿದ. "ಮಿಡತೆ, ನನ್ನ ಮುಖ ನೋಡಿ ಹೇಳು. ಏನಾದ್ರೂ ತಗೋತಿದೀಯಾ?"

"ಅಪ್ಪ."

"ಹೌದು ಅಥವಾ ಇಲ್ಲ."

"ನೀನೂ ಕೇಳ್ತೀಯಾ?"

"ಇನ್ಯಾರು ಕೇಳಬೇಕು? ನಿನ್ನ ಬೆನ್ನಿಗೆ ನಿಂತು ಊರವರಿಗೆಲ್ಲ ಉತ್ತರ ಕೊಡ್ತಿರೋನು ನಾನು. ಲಿಫ್ಟ್ ಶಾಫ್ಟ್ ಒಳಗೆ ತಲೆ ಹಾಕಿದ್ರೂ ಮೇಲಿಂದ ಯಾರೋ ಕೇಳ್ತಾರೆ, ನಿಮ್ಮ ಮಗಳದ್ದು ಏನಾಯ್ತು ಅಂತ."

ಅವಳು ತಟ್ಟೆ ತಳ್ಳಿ ಎದ್ದಳು. ಅಂದು ಅವಳು ಸ್ನಾನಕ್ಕೆ ಹೋದಾಗ ಅಮ್ಮ ಅವಳ ಆಟದ ಚೀಲವನ್ನು ನೆಲದ ಮೇಲೆ ಸುರಿದಳು. ಕಾಲುಚೀಲ, ಹಿಡಿಕೆಗೆ ಸುತ್ತುವ ಪಟ್ಟಿ, ಹಳದಿ ಚುಕ್ಕೆಯ ಕಪ್ಪು ಚೆಂಡುಗಳು. ಒಂದೊಂದು ಕಾಲುಚೀಲದ ಒಳಗೂ ಕೈ ಹಾಕಿ ನೋಡಿದಳು. ತಲೆ ಎತ್ತಿದಾಗ ಮಗಳು ಬಾಗಿಲಲ್ಲಿ ನಿಂತಿದ್ದಳು, ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಕೊನೇ ಜೇಬು ಬಿಟ್ಟೆ ಅಮ್ಮ" ಎಂದಳು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಒಬ್ಬೊಬ್ಬರೇ ಉಣ್ಣತೊಡಗಿದರು. ಮಗಳು ಸಂಜೆ ಅಜ್ಜಿಯ ಕೋಣೆಯಲ್ಲಿ ಮಾತ್ರ ಕೂರುತ್ತಿದ್ದಳು. ಅಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಅಜ್ಜಿ ಕಾಲು ತಿಕ್ಕುತ್ತಿದ್ದಳು. ಇತ್ತೀಚೆಗೆ ತಿಕ್ಕುವಾಗ ಅಜ್ಜಿಗೆ ಏದುಸಿರು ಬರುತ್ತಿತ್ತು. ಕೇಳಿದರೆ ವಯಸ್ಸು ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಅಜ್ಜಿ ಹಾಸಿಗೆಯಿಂದ ಏಳಲಿಲ್ಲ. ಉಸಿರು ಶಿಳ್ಳೆಯಂತೆ ಬರುತ್ತಿತ್ತು. ಅಮ್ಮ ಹೊದಿಕೆ ಸರಿಸಿ ನೋಡಿದರೆ ಕಾಲುಗಳು ತಲೆದಿಂಬಿನ ಹಾಗೆ ಊದಿದ್ದವು. ಅಣ್ಣ ವ್ಯಾನಿನಲ್ಲಿದ್ದ ಪಾರ್ಸೆಲುಗಳನ್ನೆಲ್ಲ ಜಗಲಿಗೆ ಎಸೆದು, ಅಜ್ಜಿಯನ್ನು ಎತ್ತಿ ಮಲಗಿಸಿ ಆಸ್ಪತ್ರೆಗೆ ಓಡಿಸಿದ.

ಮೂಗಿಗೆ ಗಾಳಿ, ಕೈಗೆ ಸೂಜಿ ಹಾಕಿ ಸ್ವಲ್ಪ ಚೇತರಿಸಿದ ಮೇಲೆ ಡಾಕ್ಟರು ಕೇಳಿದರು. "ನೀರು ಇಳಿಸೋ ಮಾತ್ರೆ ಯಾಕೆ ನಿಲ್ಲಿಸಿದ್ರಿ?"

"ನಿಲ್ಲಿಸಿಲ್ಲ ಡಾಕ್ಟ್ರೇ" ಎಂದಳು ಅಮ್ಮ. "ದಿನಾ ಒಂದು. ನಾನೇ ಹಾಳೆ ನೋಡಿದೀನಿ."

"ತಗೊಂಡಿದ್ರೆ ಹೀಗೆ ಆಗ್ತಿರಲಿಲ್ಲ."

ಅಜ್ಜಿ ಮೂಗಿನ ಮೇಲಿನ ಮುಚ್ಚಳವನ್ನು ಕೈಯಿಂದ ಸರಿಸಿದಳು. "ನಾನೆಲ್ಲಿ ತಗೊಂಡೆ? ದಿನಕ್ಕೆ ಒಂದೇ ಬರೆದುಕೊಟ್ಟಿದೀರಿ. ಇಬ್ಬರಿಗೆ ಎಲ್ಲಿಂದ ತರಲಿ?"

"ಇಬ್ಬರು ಯಾರು?"

"ನಮ್ಮ ಮಿಡತೆ. ಪಂದ್ಯಕ್ಕೆ ಮುಂಚೆ ಕಾಲು ಉಳುಕಿ ಊದಿಕೊಂಡಿತ್ತು. ಯಾರಿಗೂ ಹೇಳಬೇಡ ಅಜ್ಜಿ, ಗೊತ್ತಾದ್ರೆ ಆಡೋಕೆ ಬಿಡಲ್ಲ ಅಂದಳು. ನನ್ನ ಕಾಲೂತ ಇಳಿಸಿದ ಮಾತ್ರೆ ಅವಳದ್ದು ಇಳಿಸಲ್ವಾ? ಅರ್ಧ ನಾನು ನುಂಗಿ ಅರ್ಧ ಪುಡಿ ಮಾಡಿ ಹಾಲಿಗೆ ಹಾಕ್ತಿದ್ದೆ. ಆಮೇಲೆ ಆಟ ಬಿಟ್ಟು ಮನೇಲೇ ಕೂತುಬಿಟ್ಟಳಲ್ಲ. ರಜೆ ಅಂತ ನೀವೆಲ್ಲ ಹೇಳಿದ್ರಿ. ನಂಗೆ ಗೊತ್ತಾಯ್ತು, ಕಾಲು ಹದಗೆಟ್ಟಿದೆ ಅಂತ. ಅವತ್ತಿಂದ ಪೂರ್ತಿ ಅವಳಿಗೇ ಕೊಟ್ಟೆ."

ಅಣ್ಣ ಮೊಬೈಲು ತೆಗೆದು, ಎಂದೋ ಆ ಔಷಧಿಯ ಉದ್ದ ಹೆಸರು ಹುಡುಕಿ ಅರ್ಧ ಓದಿದ್ದ ಪುಟವನ್ನೇ ಮತ್ತೆ ತೆರೆದು, ಈ ಸಲ ಕೊನೆಯವರೆಗೆ ಓದಿದ. ಮೋಸಗಾರ ಆಟಗಾರರ ಪಟ್ಟಿಯ ಕೆಳಗೆ, ವಯಸ್ಸಾದವರ ಕಾಲೂತಕ್ಕೆ ಕೊಡುವ ಸಾಮಾನ್ಯ ಔಷಧಿ ಎಂದು ಬರೆದಿತ್ತು. ಅವನು ಅದನ್ನು ತಂಗಿಗೆ ತೋರಿಸಿದ. ಅವಳು ನೋಡಲಿಲ್ಲ, ಅಜ್ಜಿಯ ಊದಿದ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಅಜ್ಜಿ ಮನೆಗೆ ಬಂದ ಮೇಲೆ ವಕೀಲರು ಸಮಾಧಾನದ ಮಾತಾಡಿದರು. ಮೊಮ್ಮಗಳಿಗೆ ತಿಳಿಯದೆ ಅಜ್ಜಿ ಕೊಟ್ಟದ್ದು ಎಂದು ಸಾಬೀತಾದರೆ ಎಚ್ಚರಿಕೆಯಲ್ಲೇ ಮುಗಿಯಬಹುದು. ತಿಳಿದಿತ್ತು ಎಂದಾದರೆ ವರ್ಷಗಟ್ಟಲೆ ನಿಷೇಧ, ಪ್ರಶಸ್ತಿಯೂ ವಾಪಸ್ಸು. ಈ ವಯಸ್ಸಿನಲ್ಲಿ ಅಷ್ಟು ಕಾಲ ಹೊರಗಿದ್ದವರು ಮತ್ತೆ ಮೊದಲಿನಂತೆ ಆಡುವುದು ಕಷ್ಟ ಎಂದು ಕೋಚ್ ಮೊದಲೇ ಹೇಳಿದ್ದರು.

ಅಂದು ಬಟ್ಟೆ ಹಿಂಡುವಾಗ ಮಗಳು ಅಮ್ಮನಿಗೆ ಹೇಳಿದಳು. "ಅಮ್ಮ, ನಾನೊಂದ್ಸಲ ಕೇಳಿದ್ದೆ."

"ಏನು?"

"ಸೆಮಿಫೈನಲ್ ಹಿಂದಿನ ಸಂಜೆ. ಲೋಟದ ತಳದಲ್ಲಿ ಬಿಳಿ ಪುಡಿ ಇತ್ತು. ಇದೇನಜ್ಜಿ ಅಂದೆ. ಕಾಲಿಗೆ ಒಳ್ಳೇದು, ಕುಡಿ ಅಂದಳು. ಊತ ಇಳಿದಿತ್ತು. ಕುಡಿದೆ. ಮತ್ತೆ ಕೇಳಲಿಲ್ಲ."

ಹಿಂಡುತ್ತಿದ್ದ ಹೊದಿಕೆಯ ಇನ್ನೊಂದು ತುದಿ ಅಮ್ಮನ ಕೈಯಲ್ಲಿತ್ತು. ಅವಳು ಹಿಂಡುವುದನ್ನು ನಿಲ್ಲಿಸಿದಳು. "ಎರಡನೇ ಟೆಸ್ಟ್ ಬಂದಾಗ ನೆನಪಾಗಲಿಲ್ವಾ?"

"ಆಯ್ತು. ಅಜ್ಜಿ ಏನೋ ಬೇರು-ಗೀರು ತೇದು ಹಾಕಿರ್ತಾಳೆ ಅಂತ ನನಗೆ ನಾನೇ ಹೇಳ್ಕೊಂಡೆ. ಅವಳ ಹೆಸರು ಎತ್ತಿದ್ರೆ ಅವಳಿಗೆ ಎಲ್ಲಾ ಹೇಳಬೇಕಾಗ್ತಿತ್ತು."

"ಇದನ್ನ ಯಾರಿಗೆ ಹೇಳಿದೀಯ?"

"ನಿನಗೇ ಮೊದಲು."

"ನನಗೇ ಕೊನೆ ಆಗಲಿ" ಎಂದಳು ಅಮ್ಮ. ಮತ್ತೆ ಹಿಂಡಿದಳು, ನೀರೆಲ್ಲ ಹೋದ ಮೇಲೂ.

ವಿಚಾರಣೆಗೆ ಅಜ್ಜಿ ಬರಲೇಬೇಕಿತ್ತು. ಆದ್ದರಿಂದ ಅವಳಿಗೆ ಹೇಳಲೇಬೇಕಾಯಿತು. ನೀನು ಹೇಳು, ನೀನು ಹೇಳು ಎಂದು ಎಲ್ಲರೂ ಜಾರಿಕೊಂಡ ಮೇಲೆ ಮಿಡತೆಯೇ ಕೋಣೆಯೊಳಗೆ ಹೋಗಿ ಹಾಸಿಗೆಯ ಅಂಚಿಗೆ ಕೂತು ಹೇಳಿದಳು. ಅಪ್ಪ ನೀರಿನ ಲೋಟ, ಮಾತ್ರೆ ಹಿಡಿದು ಬಾಗಿಲಲ್ಲಿ ಸಿದ್ಧವಾಗಿ ನಿಂತಿದ್ದ.

ಅಜ್ಜಿಗೆ ಏನೂ ಆಗಲಿಲ್ಲ. "ಹಾಗಾದ್ರೆ ಇಷ್ಟು ದಿನ ರಜೆ ಅಲ್ಲ" ಎಂದಳು.

"ಅಲ್ಲ ಅಜ್ಜಿ."

"ಮನೇಲಿ ಜಗಳ ಆಗ್ತಿದ್ದದ್ದು ಇದಕ್ಕೇನಾ?"

"ಹೌದು."

"ಒಂದು ಮಾತು ನನ್ನ ಕೇಳಿದ್ರೆ ಅವತ್ತೇ ಹೇಳ್ತಿದ್ನಲ್ಲೋ" ಎಂದು ಮಗನ ಕಡೆ ನೋಡಿದಳು. "ನಾನೇನು ಸತ್ತುಹೋಗಿದ್ನಾ?"

ಅಪ್ಪ ಕೈಯಲ್ಲಿದ್ದ ನೀರನ್ನು ತಾನೇ ಕುಡಿದ.

ಆಮೇಲೆ ವಿಚಾರಣೆಯ ತಾಲೀಮು ಶುರುವಾಯಿತು. ಅಪ್ಪ ಹೆಗಲಿಗೆ ಟವೆಲು ಹಾಕಿಕೊಂಡು ಅಧ್ಯಕ್ಷನಾಗಿ ಕುರ್ಚಿಯಲ್ಲಿ ಕೂರುತ್ತಿದ್ದ.

"ಮಾತ್ರೆ ಕೊಟ್ಟವರು ಯಾರು?"

"ನಾನೇ ಸ್ವಾಮಿ."

"ಯಾರಾದ್ರೂ ಹೇಳಿಕೊಟ್ರಾ?"

"ಇಲ್ಲ ಸ್ವಾಮಿ. ನನ್ನ ತಲೆಯಿಂದಲೇ."

"ಅಷ್ಟೇ. ಅಲ್ಲಿಗೆ ನಿಲ್ಲಿಸು."

"ನಿಲ್ಲಿಸಿದೆ."

"'ನಿಲ್ಲಿಸಿದೆ' ಅಂತಾನೂ ಹೇಳಬೇಡಮ್ಮ."

ಅಣ್ಣ ನಕ್ಕ. ಎಷ್ಟೋ ವಾರಗಳ ಮೇಲೆ ಐವರೂ ಒಟ್ಟಿಗೆ ಉಂಡರು. ಅಮ್ಮ ಬಡಿಸುವಾಗ ಒಂದೆರಡು ಸಲ ಮಗಳ ಕಡೆ ನೋಡಿದಳು, ಏನೋ ಹೇಳಲು ಬಾಯಿ ತೆರೆದು ಮುಚ್ಚಿದಳು. ಮಗಳು ತಟ್ಟೆಯಿಂದ ತಲೆ ಎತ್ತಲಿಲ್ಲ.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜಿನ ಹಿಂದೆ ಮೂವರು ಕೂತಿದ್ದರು. ಅಜ್ಜಿ ಹೇಳಿಕೊಟ್ಟದ್ದನ್ನೆಲ್ಲ ತಪ್ಪಿಲ್ಲದೆ ಹೇಳಿದಳು. ವಕೀಲರು ಅಪ್ಪನ ಕಡೆ ನೋಡಿ ತಲೆಯಾಡಿಸಿದರು. ಆಗ ಮೂವರಲ್ಲಿ ಒಬ್ಬರಾಗಿದ್ದ ಹೆಂಗಸು, ನೋಡಲು ಮೃದುವಾಗಿದ್ದವರು, ಮುಂದಕ್ಕೆ ಬಾಗಿದರು.

"ಅಜ್ಜಿ, ಹಾಲಲ್ಲಿ ಪುಡಿ ಇದ್ರೆ ಗೊತ್ತಾಗುತ್ತಲ್ಲ. ನಿಮ್ಮ ಮೊಮ್ಮಗಳು ಯಾವತ್ತೂ ಏನೂ ಕೇಳಲಿಲ್ವಾ?"

ಇದು ತಾಲೀಮಿನಲ್ಲಿ ಇರಲಿಲ್ಲ. ಅಜ್ಜಿಯ ಮುಖ ಅರಳಿತು.

"ಕೇಳಿದಳಲ್ಲ. ಅವಳೇನು ದಡ್ಡಿನಾ? ಸೆಮಿಫೈನಲ್ ಹಿಂದಿನ ದಿನ ಲೋಟ ಎತ್ತಿ ನೋಡಿ, ತಳದಲ್ಲಿ ಇದೇನು ಅಂದಳು. ಕಾಲಿಗೆ ಅಂದೆ. ದೊಡ್ಡವರ ಮಾತಿಗೆ ಎದುರಾಡೋ ಹುಡುಗಿ ಅಲ್ಲ ಸ್ವಾಮಿ ಅವಳು. ಗಟಗಟ ಕುಡಿದಳು."

ಅಪ್ಪ ಅಮ್ಮನ ಕಡೆ ತಿರುಗಿದ. ಅವಳ ಮುಖ ನೋಡಿದೊಡನೆ ಇದು ಅವಳಿಗೆ ಮೊದಲೇ ಗೊತ್ತಿತ್ತೆಂದು ಅವನಿಗೆ ತಿಳಿಯಿತು.

ವಕೀಲರು ಎದ್ದು ನಿಂತಿದ್ದರು. "ಅವರಿಗೆ ವಯಸ್ಸಾಗಿದೆ. ಈಚೆಗೆ ಆಸ್ಪತ್ರೆಯಲ್ಲಿದ್ದವರು. ನೆನಪು ಕಲಸಿಹೋಗಿರುತ್ತೆ. ಈ ಮಾತನ್ನ ಗಣನೆಗೆ ತಗೋಬಾರದು ಅಂತ ಕೋರ್ತೀನಿ."

ಅಧ್ಯಕ್ಷರು ಚಾಂಪಿಯನ್ನಿನ ಕಡೆ ನೋಡಿದರು. "ನಿಮ್ಮ ಅಜ್ಜಿಗೆ ಮರೆವು ಇದೆಯೇನಮ್ಮ?"

ಹೌದು ಎಂದರೆ ಸಾಕಿತ್ತು. ಅಪ್ಪ, ಅಮ್ಮ, ಅಣ್ಣ, ವಕೀಲರು, ನಾಲ್ವರೂ ಅವಳ ಬಾಯನ್ನೇ ನೋಡುತ್ತಿದ್ದರು. ಅಜ್ಜಿಯೂ ನೋಡುತ್ತಿದ್ದಳು, ಅವಳಿಗೆ ಮಾತ್ರ ಏನಾಗುತ್ತಿದೆ ಎಂದು ತಿಳಿದಿರಲಿಲ್ಲ.

"ಇಲ್ಲ ಸರ್" ಎಂದಳು ಮಿಡತೆ. "ನಮ್ಮಜ್ಜಿಗೆ ಎಲ್ಲಾ ನೆನಪಿದೆ. ಅವರು ಹೇಳಿದ ಹಾಗೇ ನಡೆದದ್ದು. ನಾನು ಕೇಳಿದೆ, ಕುಡಿದೆ."

ಮೂವರೂ ಒಳಗೆ ಹೋಗಿ ಮಾತಾಡಿಕೊಂಡು ಬಂದರು. ಒಂದೂವರೆ ವರ್ಷ ನಿಷೇಧ, ಪ್ರಶಸ್ತಿ ರದ್ದು.

ಹೊರಗಿನ ಮೊಗಸಾಲೆಯ ಬೆಂಚಿನ ಮೇಲೆ ಅಜ್ಜಿಯನ್ನು ಕೂರಿಸಿದರು. ಅಣ್ಣ ವ್ಯಾನು ತರಲು ಹೋಗಿದ್ದ.

"ಏನಂದ್ರು?" ಎಂದಳು ಅಜ್ಜಿ.

"ಆಮೇಲೆ ಹೇಳ್ತೀನಮ್ಮ" ಎಂದ ಅಪ್ಪ.

ಮಿಡತೆ ಅಜ್ಜಿಯ ಪಕ್ಕ ಕೂತು ಎಲ್ಲವನ್ನೂ ಹೇಳಿದಳು. ಪುಡಿಯ ಬಗ್ಗೆ ತಾನು ಕೇಳಿರಲಿಲ್ಲ ಎಂದಾಗಿದ್ದರೆ ಈ ವರ್ಷವೇ ಮತ್ತೆ ಆಡಬಹುದಿತ್ತು ಎಂಬುದನ್ನೂ ಬಿಡಲಿಲ್ಲ.

ಅಜ್ಜಿ ಕೇಳಿಸಿಕೊಂಡಳು. "ಅಂದ್ರೆ ನಾನು ಹೇಳಿದ ಆ ಒಂದು ಮಾತಿಂದ?"

"ಆ ಮಾತು ನಿಜ ಅಜ್ಜಿ."

"ನಿಜಾನೋ ಸುಳ್ಳೋ ಅಂತ ನಾನು ಕೇಳಿದ್ನಾ?" ಅಜ್ಜಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕೊನೆಗೆ ಅವಳ ಕಣ್ಣು ಸೊಸೆಯ ಮೇಲೆ ನಿಂತಿತು. "ಅಷ್ಟೊಂದು ಹೇಳಿಕೊಟ್ರಿ. ಅದೊಂದನ್ನ ಹೇಳಬೇಡ ಅಂತ ಯಾಕೆ ನಂಗೆ ಹೇಳಲಿಲ್ಲ?"

"ಹೇಳಿದ್ರೆ ನೀವು ಸುಳ್ಳು ಹೇಳ್ತಿದ್ರಾ ಅತ್ತೆ?" ಎಂದಳು ಅಮ್ಮ.

"ಹೇಳ್ತಿದ್ದೆ" ಎಂದಳು ಅಜ್ಜಿ. "ಕಣ್ಣು ಮಿಟುಕಿಸದೆ ಹೇಳ್ತಿದ್ದೆ."